ಒಣಗಿದ ಅಚ್ಚು

ಅಚ್ಚು ಎನ್ನುವುದು ಒದ್ದೆಯಾಗಿರಬೇಕೋ ಒಣಗಿರಬೇಕೋ ಎಂಬ ವಿಷಯದಲ್ಲಿ ನನಗೆ ಬಾಲ್ಯದಿಂದಲೂ ಗೊಂದಲ. ಸಂಕ್ರಾಂತಿ ಹತ್ತಿರವಾದಾಗ ಅಮ್ಮ ಸಕ್ಕರೆ ಅಚ್ಚಿನ ಮರದ ಮಣೆಗಳನ್ನು ಅಟ್ಟದಿಂದ ಇಳಿಸಿ ನೀರು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿಡುತ್ತಿದ್ದಳು. ಮರ ಚೆನ್ನಾಗಿ ನೀರು ಕುಡಿದಿದ್ದರೆ ಮಾತ್ರ ಪಾಕ ಅಂಟಿಕೊಳ್ಳದೆ ಆನೆ ಆನೆಯಾಗಿ, ಗಿಳಿ ಗಿಳಿಯಾಗಿ ಹೊರಗೆ ಬರುತ್ತದಂತೆ. ಇದನ್ನರಿಯದ ನಾನು ಒಮ್ಮೆ, ಮನೆಗೆಲಸದಲ್ಲಿ ನೆರವಾಗುವ ಉದಾತ್ತ ಉದ್ದೇಶದಿಂದ, ಅಷ್ಟೂ ಮಣೆಗಳನ್ನು ಒರೆಸಿ ಬಿಸಿಲಿನಲ್ಲಿ ಸಾಲಾಗಿ ಹರಡಿ ಒಣಗಿಸಿಟ್ಟೆ. ಆ ವರ್ಷ ನಮ್ಮ ಮನೆಯಿಂದ ಎಳ್ಳು ಬೀರಲು ಹೊರಟ ತಟ್ಟೆಗಳಲ್ಲಿ ಸೊಂಡಿಲಿಲ್ಲದ ಆನೆಗಳೂ ಕತ್ತಿಲ್ಲದ ಗಿಳಿಗಳೂ ಇದ್ದವು. ನೀವೂ ಯೋಚಿಸಿ ನೋಡಿ: ಇಡ್ಲಿ ತಟ್ಟೆಗೆ ಎಣ್ಣೆ ಸವರಬೇಕು, ಇಟ್ಟಿಗೆಯ ಅಚ್ಚಿಗೆ ಮರಳು ಉದುರಿಸಬೇಕು, ಸಕ್ಕರೆಯದಕ್ಕೆ ನೀರು ಕುಡಿಸಬೇಕು. ಒಂದೊಂದು ಅಚ್ಚಿಗೂ ಒಂದೊಂದು ಶಾಸ್ತ್ರ. ಇವನ್ನೆಲ್ಲ ನೆನಪಿಟ್ಟುಕೊಳ್ಳುವುದು ಮನೆಯ ಹೆಂಗಸರ ಜವಾಬ್ದಾರಿ ಎಂದು ನಂಬಿ ನಾನು ನಿಶ್ಚಿಂತನಾಗಿ ಬೆಳೆದೆ. ಆ ನಿಶ್ಚಿಂತೆಯ ಫಲ ಉಂಡದ್ದು ತೊಂಬತ್ತರ ದಶಕದ ಕೊನೆಯಲ್ಲಿ, ನನ್ನ ಹೆಂಡತಿಯ ಹಲ್ಲಿನ ಅಚ್ಚನ್ನು ಹೊತ್ತುಕೊಂಡು ಬಸ್ಸು ಹತ್ತಿದ ದಿನ.

ಆಗ ನಾವು ಜೋಗುಪಾಳ್ಯದ ಒಂದು ವಠಾರದಲ್ಲಿದ್ದೆವು. ನಾನು ಅಂಚೆ ಕಚೇರಿಯ ಗುಮಾಸ್ತ. ಬಿಡುವಿನಲ್ಲಿ ವಾರಪತ್ರಿಕೆಗಳಿಗೆ ಹಗುರವಾದ ಪ್ರಬಂಧಗಳನ್ನು ಬರೆಯುತ್ತಿದ್ದವನು. ಸೂಕ್ಷ್ಮ ನಿರೀಕ್ಷಣೆಯೇ ನನ್ನ ಬರಹದ ಜೀವಾಳವೆಂದು ಸಂಪಾದಕರೊಬ್ಬರು ಒಮ್ಮೆ ಕಾರ್ಡು ಬರೆದಿದ್ದರು. ಆ ಕಾರ್ಡನ್ನು ನಾನು ಮಡಿಸಿ ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡು, ಯಾರಾದರೂ ಕೇಳಲಿ ಎಂದು ಕಾಯುತ್ತಾ ಓಡಾಡುತ್ತಿದ್ದೆ. ನನ್ನ ಹೆಂಡತಿ ವಿಶಾಲಾಕ್ಷಿಗೆ ಬಹಳ ವರ್ಷಗಳಿಂದ ವಸಡಿನ ತೊಂದರೆ. ಅವಳು ರಕ್ತ ಬರುತ್ತದೆ ಎಂದಾಗಲೆಲ್ಲ ನಾನು ಪತ್ರಿಕೆಯಿಂದ ತಲೆ ಎತ್ತದೆ ಉಪ್ಪುನೀರು, ಲವಂಗ ಎಂದು ಎರಡೇ ಪದಗಳ ಚಿಕಿತ್ಸೆ ಹೇಳುತ್ತಿದ್ದೆ. ಹೀಗೆ ಉಪ್ಪು ಲವಂಗಗಳ ಮಧ್ಯೆ ಮೇಲಿನ ದವಡೆ ಹಲ್ಲುಗಳು ಒಂದೊಂದಾಗಿ ಉದುರಿ, ಕೊನೆಗೆ ಉಳಿದದ್ದು ಮುಂದಿನ ಆರು. ಅವೂ ಅಲುಗಾಡತೊಡಗಿದಾಗ ಇಂದಿರಾನಗರದ ಒಬ್ಬ ಡಾಕ್ಟರಮ್ಮನ ಬಳಿಗೆ ಹೋದೆವು. ನೂರಡಿ ರಸ್ತೆಯಿಂದ ಎರಡು ತಿರುವು ಒಳಗೆ, ಹಳೆಯ ಬಂಗಲೆಯೊಂದರ ಮುಂದಿನ ಕೋಣೆಯಲ್ಲಿ ಅವರ ಕ್ಲಿನಿಕ್ಕು. ಆರೂ ಹಲ್ಲು ತೆಗೆದು, ವಸಡು ಮಾಗಿದ ಮೇಲೆ ಮೇಲ್ಗಡೆ ಪೂರ್ತಿ ಸೆಟ್ಟು ಕಟ್ಟಿಸಬೇಕೆಂದು ಅವರು ತೀರ್ಮಾನ ಕೊಟ್ಟರು. ವಿಶಾಲಾಕ್ಷಿ ಎಲ್ಲಕ್ಕೂ ತಲೆಯಾಡಿಸಿ, ಒಂದೇ ಒಂದು ಮಾತು ಕೇಳಿದಳು.

"ಮುಖ ಬೇರೆಯವರ ಥರ ಆಗ್ಬಿಡಲ್ಲ ತಾನೆ, ಡಾಕ್ಟ್ರೇ?"

"ಅದಕ್ಕೇ ಹಲ್ಲು ಕೀಳೋ ಮುಂಚೆ ಒಂದು ಅಳತೆ ತಗೊಂಡ್ಬಿಡ್ತೀನಿ. ಅದನ್ನ ನೋಡ್ಕೊಂಡೇ ಲ್ಯಾಬ್‌ನವರು ನಿಮ್ಮ ಹಲ್ಲು ಹೇಗಿತ್ತೋ ಹಾಗೇ ಜೋಡಿಸ್ತಾರೆ. ಯೋಚ್ನೆ ಮಾಡ್ಬೇಡಿ," ಎಂದರು ಡಾಕ್ಟರಮ್ಮ.

ಅಳತೆ ಎಂದರೆ ನಾನು ದರ್ಜಿಯ ಟೇಪನ್ನು ಕಲ್ಪಿಸಿಕೊಂಡಿದ್ದೆ. ಹಲ್ಲು ಕೀಳುವ ದಿನ ನೋಡಿದರೆ, ರಬ್ಬರಿನ ಬಟ್ಟಲಿನಲ್ಲಿ ಗುಲಾಬಿ ಬಣ್ಣದ ಹಿಟ್ಟು, ಅದಕ್ಕೆ ಅಳೆದು ಸುರಿದ ನೀರು, ಡಾಕ್ಟರಮ್ಮನ ಕೈಯಲ್ಲೊಂದು ಚಪ್ಪಟೆ ಸಟ್ಟುಗ. ಬಟ್ಟಲಿನ ಗೋಡೆಗೆ ಒತ್ತಿ ಒತ್ತಿ ಅವರು ಕಲಸಿದ ಭರ, ಹೋಳಿಗೆಯ ಕಣಕ ನಾದುವ ಯಾವ ಅಡುಗೆಯವನಿಗೂ ಕಡಿಮೆಯಿರಲಿಲ್ಲ. ತೂತುಗಳಿದ್ದ ಲೋಹದ ತಟ್ಟೆಯೊಂದಕ್ಕೆ ಆ ಮುದ್ದೆಯನ್ನು ತುಂಬಿ ಅವಳ ಬಾಯೊಳಗಿಟ್ಟು, ಮುಂದಕ್ಕೆ ಬಗ್ಗಿ ಮೂಗಿನಲ್ಲಿ ಉಸಿರಾಡಿ ಎಂದರು. ನೋಡನೋಡುತ್ತ ಮುದ್ದೆ ರಬ್ಬರಾಯಿತು. ಸಡಿಲವಾದ ಹಲ್ಲುಗಳು ಅದರ ಜೊತೆಗೇ ಬಂದುಬಿಡದಂತೆ ಬೆರಳು ಒತ್ತಿ ಹಿಡಿದು ಹೊರಗೆಳೆದಾಗ, ಅದರೊಳಗೆ ಆರು ಪುಟ್ಟ ಗುಳಿಗಳು. ಬಾಯಲ್ಲಿ ಉಬ್ಬಿದ್ದದ್ದು ಇಲ್ಲಿ ತಗ್ಗು. ಅವಳಿಗೆ ಬಲಗಡೆಯದು ತಿರುಗಿಸಿ ಹಿಡಿದರೆ ನನಗೆ ಎಡಗಡೆ. ಇದಕ್ಕೆ ಪ್ಲಾಸ್ಟರು ಹುಯ್ದರೆ ತಗ್ಗು ಮತ್ತೆ ಉಬ್ಬಾಗುತ್ತದೆಂದು ಡಾಕ್ಟರಮ್ಮ ವಿವರಿಸಿದರು. ಅರ್ಥವಾದವನಂತೆ ನಾನು ತಲೆದೂಗಿದೆ. ಎಲ್ಲಿ ನೋಡಬೇಕಿತ್ತೋ ಅಲ್ಲಿ ನೋಡದೆ, ಈ ಉಲ್ಟಾ ಸೀದಾ ವ್ಯವಹಾರದ ಮೇಲೊಂದು ಪ್ರಬಂಧ ಬರೆಯಬಹುದಲ್ಲ ಎಂದು ನನ್ನ ಸೂಕ್ಷ್ಮ ನಿರೀಕ್ಷಣೆ ಆ ಕ್ಷಣದಲ್ಲಿ ಯೋಚಿಸುತ್ತಿತ್ತು.

ತೊಂದರೆ ಶುರುವಾದದ್ದು ಆಮೇಲೆ. ಕ್ಲಿನಿಕ್ಕಿನಲ್ಲಿದ್ದ ಪ್ಲಾಸ್ಟರಿನ ಚೀಲಕ್ಕೆ ತೇವ ತಗುಲಿ ಅದು ಕಲ್ಲಾಗಿತ್ತು. ಅಚ್ಚನ್ನು ನೇರವಾಗಿ ಶಿವಾಜಿನಗರದ ಲ್ಯಾಬಿಗೆ ಮುಟ್ಟಿಸಬೇಕು. ಡಾಕ್ಟರಮ್ಮ ಅದನ್ನು ಒದ್ದೆ ಹತ್ತಿಯಲ್ಲಿ ಸುತ್ತಿ ಪ್ಲಾಸ್ಟಿಕ್ ಕವರಿಗೆ ಹಾಕಿ ನನ್ನ ಕೈಗಿತ್ತು, "ಎಲ್ಲೂ ನಿಲ್ಬೇಡಿ ಸಾರ್, ಸೀದಾ ಹೋಗಿ ಕೊಟ್ಬಿಡಿ," ಎಂದರು. ನಮ್ಮ ಪಕ್ಕದ ಮನೆಯ ಸೆಲ್ವಿ, ವಿಶಾಲಾಕ್ಷಿಗೆ ಧೈರ್ಯ ಹೇಳಲೆಂದೇ ಕೆಲಸಕ್ಕೆ ರಜೆ ಹಾಕಿ ಬಂದಿದ್ದವಳು, "ನೀವ್ ಹೋಗಿ ಸಾರ್, ಅಕ್ಕನ್ನ ನಾನ್ ನೋಡ್ಕೊಳ್ತೀನಿ," ಎಂದಳು. ಹಲ್ಲು ಕೀಳುವ ದೃಶ್ಯದಿಂದ ಪಾರಾದ ಸಂತೋಷವನ್ನು ಮುಖದಲ್ಲಿ ತೋರಗೊಡದೆ ನಾನು ಹೊರಟುಬಿಟ್ಟೆ.

ಬಸ್ಸು ಹಲಸೂರಿಗೆ ಬರುವಷ್ಟರಲ್ಲಿ ತೊಡೆ ತಣ್ಣಗಾಯಿತು. ತೊಡೆಯ ಮೇಲಿಟ್ಟುಕೊಂಡಿದ್ದ ನನ್ನ ಚೀಲದೊಳಗೆ ಕವರು ಸೋರಿ, ಅದೇ ಚೀಲದಲ್ಲಿದ್ದ ಗ್ರಂಥಾಲಯದ ಪುಸ್ತಕ ಒಂದು ಮೂಲೆಯಲ್ಲಿ ನೆನೆಯುತ್ತಿತ್ತು! ಪುಸ್ತಕ ಒದ್ದೆಯಾಗುವುದನ್ನು ನೋಡಿಕೊಂಡು ಸುಮ್ಮನಿರುವ ಮನುಷ್ಯ ನಾನಲ್ಲ. ಅಲ್ಲೇ ಇಳಿದು ಗ್ರಂಥಾಲಯಕ್ಕೆ ಹೋಗಿ, ಹತ್ತಿಯನ್ನು ಹಿಂಡಿ ಎಸೆದು, ಅಚ್ಚನ್ನು ಕರವಸ್ತ್ರದಿಂದ ನಾಜೂಕಾಗಿ ಒರೆಸಿ, ಹಳೆಯ ಪತ್ರಿಕೆಯೊಂದರಲ್ಲಿ ಸುತ್ತಿದೆ. ಪುಸ್ತಕದ ಪುಟಗಳನ್ನು ಬಿಡಿಸಿ ಫ್ಯಾನಿನ ಕೆಳಗಿಟ್ಟೆ. ಪಕ್ಕದಲ್ಲೇ ಅಚ್ಚನ್ನೂ ಇಟ್ಟೆ. ಪುಸ್ತಕ ಒಣಗುವವರೆಗೆ ಕೈ ಖಾಲಿ ಇರಬಾರದೆಂದು ಇನ್ನೊಂದು ಪುಸ್ತಕ ತೆಗೆದೆ. ಮತ್ತೆ ಗಡಿಯಾರ ನೋಡಿದಾಗ ಒಂದೂವರೆ ಗಂಟೆ ಕಳೆದಿತ್ತು. ಎರಡೂ ಚೆನ್ನಾಗಿ ಒಣಗಿದ್ದವು.

ಶಿವಾಜಿನಗರದ ಸಂದಿಯೊಂದರಲ್ಲಿ, ಕಡಿದಾದ ಮೆಟ್ಟಿಲುಗಳ ಮೇಲೆ ಖಲೀಲ್ ಸಾಹೇಬರ ಲ್ಯಾಬು. ಗೋಡೆಯ ಹಲಗೆಗಳ ತುಂಬ ಪ್ಲಾಸ್ಟರಿನ ದವಡೆಗಳು. ಒಂದೊಂದರ ಬುಡದಲ್ಲೂ ಪೆನ್ಸಿಲಿನಲ್ಲಿ ಹೆಸರು. ಸಾಹೇಬರು ನನ್ನ ಪತ್ರಿಕೆಯ ಪೊಟ್ಟಣ ಬಿಚ್ಚಿ, ಕನ್ನಡಕ ಹಣೆಗೇರಿಸಿ, ಅಚ್ಚನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಯಾರ್ ಸಾರ್ ಇದನ್ನ ಪೇಪರ್‌ನಲ್ಲಿ ಸುತ್ತಿದ್ದು?"

"ನಾನೇ. ತುಂಬ ಒದ್ದೆಯಾಗಿತ್ತು."

"ಅರೆ ಅಲ್ಲಾ! ಒದ್ದೆನೇ ಇರ್ಬೇಕು ಸಾರ್ ಇದು. ಒಣಗಿದ್ರೆ ಸುಕ್ಕೋಗ್ಬಿಡುತ್ತೆ. ಈಗ ಇದಕ್ಕೆ ಪ್ಲಾಸ್ಟರ್ ಹುಯ್ದ್ರೆ ಮೇಡಮ್ದು ಹಲ್ಲು ಬರಲ್ಲ, ಇಲಿದು ಬರುತ್ತೆ." ನನ್ನ ಮುಖ ನೋಡಿ ಅವರಿಗೆ ಕನಿಕರ ಹುಟ್ಟಿರಬೇಕು. "ಪರ್ವಾ ಇಲ್ಲ, ಹೋಗಿ ಇನ್ನೊಂದು ತಗೊಂಡ್ಬನ್ನಿ," ಎಂದರು.

ಇನ್ನೊಂದನ್ನು ಎಲ್ಲಿಂದ ತರಲಿ? ನಾನು ಆಟೋ ಹಿಡಿದು ಏದುಸಿರು ಬಿಡುತ್ತಾ ಇಂದಿರಾನಗರ ಮುಟ್ಟುವಷ್ಟರಲ್ಲಿ ಆರೂ ಹಲ್ಲುಗಳು ಸ್ಟೀಲಿನ ತಟ್ಟೆಯೊಂದರಲ್ಲಿ ಚದುರಿ ಬಿದ್ದಿದ್ದವು. ವಿಶಾಲಾಕ್ಷಿ ಬಾಯಲ್ಲಿ ಹತ್ತಿ ಕಚ್ಚಿಕೊಂಡು ಸೆಲ್ವಿಯ ಹೆಗಲಿಗೊರಗಿದ್ದಳು. ಡಾಕ್ಟರಮ್ಮ ನನ್ನ ಕಥೆ ಕೇಳಿ ಕೈಗವಸು ಕಳಚಿ ಬುಟ್ಟಿಗೆಸೆದರು. ಹಲ್ಲಿನ ಗಾತ್ರ, ಬಣ್ಣ ಈ ಆರರಿಂದ ಗೊತ್ತಾಗುತ್ತದೆ, ಆದರೆ ಅವು ಬಾಯಲ್ಲಿ ಹೇಗೆ ನಿಂತಿದ್ದವು ಎನ್ನುವುದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ ಎಂದರು. ವಿಶಾಲಾಕ್ಷಿ ನನ್ನನ್ನು ಬೈಯಲಿಲ್ಲ. ಬಾಯಲ್ಲಿ ಹತ್ತಿ ಇದ್ದುದರಿಂದಲೋ ಏನೋ ಎಂದು ನಾನು ಸಮಾಧಾನ ಮಾಡಿಕೊಂಡೆ.

ವಸಡು ಮಾಗಲು ಮೂರು ತಿಂಗಳು ಹಿಡಿಯಿತು. ಆಮೇಲೆ ಮತ್ತೆ ಅಳತೆಗಳ ಸರಣಿ. ಮೊದಲು ಬೆಲ್ಲದ ಅಚ್ಚಿನ ಬಣ್ಣದ ಒಂದು ಬಿಲ್ಲೆಯನ್ನು ಬಿಸಿನೀರಿನಲ್ಲಿ ಮೆತ್ತಗಾಗಿಸಿ ಅಂಗುಳಕ್ಕೆ ಒತ್ತಿದರು. ಇನ್ನೊಂದು ದಿನ ಲವಂಗದ ವಾಸನೆಯ ಪೇಸ್ಟು. ಉಪ್ಪು ಲವಂಗದ ನನ್ನ ಹಳೆಯ ಚಿಕಿತ್ಸೆಗೆ ವೈದ್ಯಶಾಸ್ತ್ರವೇ ತಲೆಬಾಗಿದೆ ಎಂದು ನಾನು ಹೇಳಿದ್ದಕ್ಕೆ ಯಾರೂ ನಗಲಿಲ್ಲ. ಮತ್ತೊಂದು ದಿನ ಹಲ್ಲಿನ ಸಾಲಿನಂತೆ ಮಾಡಿದ ಮೇಣದ ಕಟ್ಟೆಯನ್ನು ಬಾಯಲ್ಲಿಟ್ಟು ಸಹಜವಾಗಿ ಕಚ್ಚಿ ಎಂದರು. ಸಹಜವಾಗಿ ಎಂದ ತಕ್ಷಣ ಮನುಷ್ಯನಿಗೆ ಸಹಜವಾದದ್ದು ಯಾವುದೆಂದೇ ಮರೆತುಹೋಗುತ್ತದೆ. ಅವಳು ಒಮ್ಮೆ ಮುಂದಕ್ಕೆ, ಒಮ್ಮೆ ಪಕ್ಕಕ್ಕೆ ಕಚ್ಚಿ ಕೊನೆಗೆ ಎಂಜಲು ನುಂಗುವಾಗ ಸರಿಯಾದ ಜಾಗಕ್ಕೆ ಬಂದಳು. ಇಷ್ಟೆಲ್ಲ ಆದ ಮೇಲೆ ಡಾಕ್ಟರಮ್ಮ, ಹಲ್ಲು ಕಾಣುವಂಥ ಹಳೆಯ ಫೋಟೋ ಒಂದು ತನ್ನಿ, ಅದೂ ಸಾಕು ಎಂದರು.

ಅಂದು ಸಂಜೆ ಆಲ್ಬಮ್ಮುಗಳನ್ನು ತೆಗೆದು ಕೂತೆ. ಮದುವೆಯ ಚಿತ್ರದಲ್ಲಿ ಅವಳು ತುಟಿ ಬಿಗಿದಿದ್ದಳು. ಅದೇನೋ ಸರಿ, ಆಗ ಎಲ್ಲ ಹೆಣ್ಣುಮಕ್ಕಳೂ ಹಾಗೇ. ಲಾಲ್‌ಬಾಗಿನಲ್ಲಿ ಸೆರಗು ಬಾಯಿಗೆ. ನಂದಿಬೆಟ್ಟದಲ್ಲಿ ಕೈ ಬಾಯಿಗೆ. ಹಲಸೂರು ಕೆರೆಯ ದಂಡೆಯಲ್ಲಿ ಅವಳು ನಗುತ್ತಿರುವುದು ಕಣ್ಣಿನಿಂದ ಖಚಿತ, ಬಾಯಿ ಮಾತ್ರ ಐದು ಬೆರಳುಗಳ ಹಿಂದೆ. ಇಪ್ಪತ್ತಾರು ವರ್ಷಗಳ ದಾಂಪತ್ಯದಲ್ಲಿ ಒಂದೇ ಒಂದು ಹಲ್ಲಿನ ಚಿತ್ರ ಸಿಗಲಿಲ್ಲ. ಮದುವೆಯದೊಂದನ್ನು ಬಿಟ್ಟು ಎಲ್ಲವನ್ನೂ ತೆಗೆದವನು ನಾನೇ, ಕಚೇರಿಯ ಗೆಳೆಯನ ಕ್ಯಾಮರಾದಲ್ಲಿ. ಇವಳಿಗೆ ಸಂಕೋಚ ಜಾಸ್ತಿ, ಹುಟ್ಟುಗುಣ ಎಂದುಕೊಂಡೆ.

ಫೋಟೋ ಇಲ್ಲವೆಂದಾಗ ಡಾಕ್ಟರಮ್ಮ ಅವಳನ್ನೇ ಕೇಳಿದರು. ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು, "ಅವ್ರನ್ನೇ ಕೇಳಿ. ಅವ್ರು ಬರೆಯೋರು, ಎಲ್ಲ ಗಮನಿಸ್ತಾರೆ," ಎಂದಳು. ಅದನ್ನು ನಾನು ಹೊಗಳಿಕೆಯೆಂದು ತಿಳಿದುಕೊಂಡದ್ದು ನನ್ನ ಜಾಯಮಾನಕ್ಕೆ ಸರಿಯಾಗಿಯೇ ಇತ್ತು. ಆ ರಾತ್ರಿ ಕಣ್ಣು ಮುಚ್ಚಿದರೆ ನಗುವ ಬಾಯೊಂದು ಸ್ಪಷ್ಟವಾಗಿ ಕಾಣುತ್ತಿತ್ತು. ನನಗೆ ಸಂಶಯವೇ ಬರಲಿಲ್ಲ. ಮರುದಿನ ಪೂರ್ತಿ ಒಂದು ಪುಟ ವರ್ಣನೆ ಬರೆದುಕೊಂಡು ಹೋಗಿ, ಖಲೀಲ್ ಸಾಹೇಬರ ಮುಂದೆ ಭಾವಪೂರ್ಣವಾಗಿ ಓದಿದೆ. ದಾಳಿಂಬೆಯ ಬೀಜಕ್ಕೆ ಬರುವಷ್ಟರಲ್ಲಿ ಅವರು ಕೈಯೆತ್ತಿದರು.

"ಸಾರ್, ಕವಿತೆ ಬೇಡ. ಮುಂದೆ ಗ್ಯಾಪ್ ಇತ್ತಾ, ಇಲ್ವಾ?"

ಇತ್ತು ಎಂದೆ. ಮುಂದಿನ ಎರಡರ ಮಧ್ಯೆ ಒಂದು ಚಿಕ್ಕ ಸಂದು. ಉಳಿದವು ಹಿಡಿದು ನಿಲ್ಲಿಸಿದ ಹಾಗೆ ನೇರ. ಕೋರೆಹಲ್ಲು ಒಂದಿಷ್ಟು ಮೊನಚು. ಸಾಹೇಬರು ಪೆನ್ಸಿಲಿನಲ್ಲಿ ಬರೆದುಕೊಂಡರು.

ಸೆಟ್ಟನ್ನು ಗಟ್ಟಿ ಮಾಡುವ ಮುಂಚೆ ಹಲ್ಲುಗಳನ್ನು ಮೇಣದಲ್ಲಿ ಜೋಡಿಸಿ ಒಮ್ಮೆ ಬಾಯಲ್ಲಿಟ್ಟು ನೋಡುವ ಪದ್ಧತಿಯಿದೆ. ಆ ದಿನ ಸೆಲ್ವಿಯೂ ಬಂದಿದ್ದಳು. ಡಾಕ್ಟರಮ್ಮ ಮೇಣದ ಸೆಟ್ಟನ್ನು ಕೂರಿಸಿ, ಕೈಗನ್ನಡಿ ಕೊಟ್ಟು, ನಗಿ ಎಂದರು. ವಿಶಾಲಾಕ್ಷಿ ಕನ್ನಡಿ ನೋಡಿದಳು. ನಾನು ಬೆನ್ನ ಹಿಂದೆ ಪ್ರಶಂಸೆಗೆ ಕಾಯುತ್ತಿದ್ದೆ. ಮೊದಲು ಮಾತಾಡಿದವಳು ಸೆಲ್ವಿ.

"ಐಯೋ, ಇದು ನಮ್ ಅಕ್ಕಾನೇ ಅಲ್ಲ!"

ವಿಶಾಲಾಕ್ಷಿ ಕನ್ನಡಿಯನ್ನು ಮಡಿಲಲ್ಲಿ ಮಗುಚಿಟ್ಟಳು. "ಇದು ನಿಮ್ಮಕ್ಕನ ಹಲ್ಲು, ರೀ," ಎಂದಳು.

ಹೌದು! ನನ್ನ ಅಕ್ಕನ ಹಲ್ಲೇ. ಸಂದು, ಸಾಲು, ಮೊನಚು, ಎಲ್ಲವೂ. ಕಣ್ಣು ಮುಚ್ಚಿದಾಗ ಕಂಡ ಆ ನಗು ಬಾಗಿಲಲ್ಲಿ ನಿಂತು ನನ್ನನ್ನು ಶಾಲೆಯಿಂದ ಬರಮಾಡಿಕೊಳ್ಳುತ್ತಿದ್ದ ಅಕ್ಕನದು. ಅಕ್ಕ ಒಳ್ಳೆಯವಳೇ, ಅವಳ ಹಲ್ಲುಗಳ ಮೇಲೂ ಯಾರಿಗೂ ಆಕ್ಷೇಪವಿಲ್ಲ. ಅವು ನನ್ನ ಹೆಂಡತಿಯ ಬಾಯಲ್ಲಿ ಇರಬಾರದಾಗಿತ್ತು, ಅಷ್ಟೇ. ನಾನು ತಡವರಿಸುತ್ತಾ, ನಿನ್ನ ಹಲ್ಲು ನಾನು ಸರಿಯಾಗಿ ನೋಡುವುದಾದರೂ ಹೇಗೆ, ನಗುವಾಗೆಲ್ಲ ಕೈ ಅಡ್ಡ ಹಿಡಿಯುತ್ತೀಯಲ್ಲ ಎಂದೆ. ಸೆಲ್ವಿ ನನ್ನನ್ನು ವಿಚಿತ್ರವಾಗಿ ನೋಡಿದಳು.

"ಕೈಯಾ? ಯಾವ್ ಕೈ ಸಾರ್? ಅಕ್ಕ ಬಾಯಿ ತುಂಬಾ ನಗ್ತಾರಲ್ಲ. ದಿನಾ ಟೆರೇಸ್ ಮೇಲೆ ಬಟ್ಟೆ ಹಾಕ್ವಾಗ ಬೀದಿಗೆಲ್ಲ ಕೇಳ್ಸುತ್ತೆ."

ಆಮೇಲೆ ಸೆಲ್ವಿ ತನ್ನ ಹಲ್ಲನ್ನೇ ಮುಟ್ಟಿ, ವಿಶಾಲಾಕ್ಷಿಯ ಹಲ್ಲು ಹೇಗಿತ್ತೆಂದು ತೋರಿಸಿದಳು. ಮುಂದಿನ ಎರಡರಲ್ಲಿ ಎಡಗಡೆಯದು ಪಕ್ಕದ್ದರ ಮೇಲೆ ಅರ್ಧ ಏರಿ ಕೂತಿತ್ತು. ಅದರಾಚೆಯದು ಒಳಗೆ ಸರಿದಿತ್ತು. ಕೋರೆಹಲ್ಲು ಮೇಲೆ ಎತ್ತರದಲ್ಲಿತ್ತು. ಸೆಲ್ವಿ ಒಂದು ಸಲವೂ ಯೋಚಿಸಲು ನಿಲ್ಲಲಿಲ್ಲ. ವಿಶಾಲಾಕ್ಷಿ ಕನ್ನಡಿ ಹಿಡಿದು ಡಾಕ್ಟರಮ್ಮನಿಗೆ ಒಂದೊಂದರ ಜಾಗವನ್ನೂ ತೋರಿಸಿದಳು. ಡಾಕ್ಟರಮ್ಮ, ಬೇಕಾದರೆ ಈಗ ನೇರವಾಗಿಯೇ ಇಟ್ಟುಕೊಳ್ಳಬಹುದಲ್ಲ ಎಂದಾಗ, "ಬೇಡ, ನನ್ನದೇ ಇರ್ಲಿ," ಎಂದಳು. ಸೊಟ್ಟ ಹಲ್ಲು ಕೇಳಿ ಮಾಡಿಸಿಕೊಂಡವರು ನೀವೇ ಮೊದಲು ಎಂದು ಖಲೀಲ್ ಸಾಹೇಬರು ಆಮೇಲೆ ನನಗೆ ಹೇಳಿದರು.

ಅವತ್ತು ಮನೆಗೆ ನಡೆದುಕೊಂಡೇ ಬಂದೆವು. ಸೆಲ್ವಿ ತರಕಾರಿಗೆಂದು ಮಧ್ಯೆ ನಿಂತಾಗ, ಇಷ್ಟಕ್ಕೂ ನನ್ನೆದುರಿಗೆ ಮಾತ್ರ ಯಾಕೆ ಕೈ ಎಂದು ಕೇಳಿದೆ. ಅವಳು ನಡೆಯುತ್ತಲೇ ಹೇಳಿದಳು.

"ಮದುವೆಯಾದ ಹೊಸದು. ಊಟಕ್ಕೆ ಎಲ್ಲ ಕೂತಿದ್ವಿ. ನಾನು ಏನಕ್ಕೋ ನಕ್ಕೆ. ನೀವು, ನಕ್ಕರೆ ನಮ್ಮಕ್ಕನ ಹಾಗೆ ನಗ್ಬೇಕು ನೋಡು, ನಿನ್ನ ಹಲ್ಲು ಶಿವಾಜಿನಗರದ ಬಸ್ಸಿಗೆ ಹತ್ತಿದ ಜನದ ಥರ ಒಂದರ ಮೇಲೊಂದು ನಿಂತಿವೆ ಅಂದ್ರಿ. ಎಲ್ಲ ನಕ್ಕರು. ನಾನೂ ನಕ್ಕೆ." ಸೆರಗನ್ನು ಹೆಗಲಿಗೆ ಎಳೆದುಕೊಂಡು, "ಅವತ್ತು ಕೇಳಿದ್ರಿ, ಈಗ ಮಾಡಿಸ್ಕೊಟ್ರಿ," ಎಂದಳು.

ಅವಳ ದನಿಯಲ್ಲಿ ಕೋಪವಿದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಆ ಊಟ ನನಗೆ ನೆನಪಿಲ್ಲ, ಆದರೆ ಆ ಬಸ್ಸಿನ ಹೋಲಿಕೆ ನೆನಪಿದೆ. ಅದನ್ನು ನಾನು ನಗರಸಾರಿಗೆಯ ಮೇಲಿನ ಪ್ರಬಂಧವೊಂದರಲ್ಲಿ, ಸ್ವತಃ ಹೊಳೆದದ್ದೆಂಬ ಹೆಮ್ಮೆಯಿಂದ, ಬಳಸಿಕೊಂಡಿದ್ದೇನೆ. ಸಂಪಾದಕರು ಮೆಚ್ಚಿ ಕಾರ್ಡು ಬರೆದದ್ದು ಅದಕ್ಕೇ. ಅಂದರೆ ಮಾತನ್ನು ಉಳಿಸಿಕೊಂಡು ಹಲ್ಲನ್ನು ಮರೆತಿದ್ದೆ. ಒಂದರ ಮೇಲೊಂದು ಎಂದು ನಾನೇ ಹೇಳಿದ್ದವನು, ಖಲೀಲ್ ಸಾಹೇಬರ ಮುಂದೆ ನಿಂತು ನೇರ ಎಂದೆನಲ್ಲ! ನನಗೆ ಬಹಳ ನಾಚಿಕೆಯಾಯಿತು. ತಪ್ಪಾಯಿತು ಎನ್ನಬೇಕೆಂದುಕೊಂಡೆ, ಆದರೆ ಇಪ್ಪತ್ತಾರು ವರ್ಷ ಹಳೆಯ ತಪ್ಪನ್ನು ಯಾವ ವಾಕ್ಯದಿಂದ ಆರಂಭಿಸಬೇಕೆಂದು ತಿಳಿಯದೆ, ಅವಳ ಕೈಯಲ್ಲಿದ್ದ ಚೀಲವನ್ನು ಇಸಿದುಕೊಂಡೆ. ಅದರಲ್ಲಿ ಭಾರವೇನೂ ಇರಲಿಲ್ಲ.

ಹೊಸ ಹಲ್ಲು ಬಂತು. ಅದನ್ನು ಹಾಕಿಕೊಂಡು ಅವಳು ಡಾಕ್ಟರಮ್ಮನಿಗೆ ನಕ್ಕು ತೋರಿಸಿದಳು, ಟೆರೇಸಿನಲ್ಲಿ ಸೆಲ್ವಿಯ ಜೊತೆ ನಕ್ಕಳು. ಕೆಳಗಿನ ಕೋಣೆಯಲ್ಲಿ ಕೂತ ನನಗೆ ಅದು ಕೇಳಿಸುತ್ತಿತ್ತು. ಇಷ್ಟು ವರ್ಷವೂ ಕೇಳಿಸುತ್ತಿದ್ದಿರಬೇಕು, ಪಕ್ಕದ ಮನೆಯ ಯಾರದೋ ನಗುವೆಂದುಕೊಂಡಿದ್ದೆ. ಒಮ್ಮೊಮ್ಮೆ ಏನಾದರೂ ನೆಪ ಮಾಡಿಕೊಂಡು ಮೇಲೆ ಹೋಗುತ್ತಿದ್ದೆ. ಕೊನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಅವಳ ಕೈ ತಾನಾಗಿ ಬಾಯಿಗೆ ಹೋಗಿರುತ್ತಿತ್ತು. ಬೇಕೆಂದು ಮಾಡುತ್ತಿದ್ದಳು ಎಂದು ನಾನು ಹೇಳುವುದಿಲ್ಲ. ಕೈಗೆ ಅದೇ ರೂಢಿ. ಕೈ ತೆಗೆ ಎಂದು ಹೇಳುವ ಹಕ್ಕು ನನಗೆಲ್ಲಿದೆ ಎಂದು ಕೆಳಗಿಳಿದು ಬರುತ್ತಿದ್ದೆ. ಹೀಗೆಯೇ ಏಳು ವರ್ಷ ಕಳೆದವು, ನಾನು ನಿವೃತ್ತನಾದೆ.

ಈ ಪ್ರಬಂಧವನ್ನು ಅವಳಿಗೆ ಓದಿ ತೋರಿಸದೆ ಎಲ್ಲಿಗೂ ಕಳಿಸುವುದಿಲ್ಲವೆಂದು ಮೊದಲೇ ನಿರ್ಧರಿಸಿದ್ದೆ. ನಿನ್ನೆ ಮಧ್ಯಾಹ್ನ ಅವಳು ಅವರೆಕಾಯಿ ಸುಲಿಯುತ್ತಿದ್ದಾಗ ಎದುರಿಗೆ ಕೂತು ಓದಿದೆ. ಕತ್ತಿಲ್ಲದ ಗಿಳಿಗೆ ಅವಳು ನಕ್ಕಳು, ಅಡ್ಡ ಕೈಯೊಂದಿಗೆ. ಊಟದ ದಿನದ ಮಾತು ಬಂದಾಗ ಸುಲಿಯುವುದನ್ನು ನಿಲ್ಲಿಸಿದಳು. ಹಾಳೆಯನ್ನು ಕೆಳಗಿಟ್ಟು, ಏಳು ವರ್ಷದಿಂದ ಯಾವ ವಾಕ್ಯವೆಂದು ಹುಡುಕುತ್ತಿದ್ದದ್ದನ್ನು, ತಪ್ಪಾಯಿತು ವಿಶಾಲೂ ಎಂದು ಎರಡೇ ಪದಗಳಲ್ಲಿ ಹೇಳಿ ಮುಗಿಸಿದೆ. ಅವಳು ಮೊರದಲ್ಲಿದ್ದ ಸಿಪ್ಪೆಗಳನ್ನು ಒಂದು ಕಡೆಗೆ ಸರಿಸಿದಳು.

"ಎಲ್ಲ ಸರಿ ಬರ್ದಿದೀರಿ. ಒಂದು ತಪ್ಪಿದೆ," ಎಂದಳು ಆಮೇಲೆ. "ಮೇಲೆ ಏರಿ ಕೂತಿದ್ದು ಎಡಗಡೆ ಹಲ್ಲಲ್ಲ."

ನಾನು ಗಾಬರಿಯಿಂದ ಹಾಳೆ ತಿರುವಿದೆ. ಸೆಲ್ವಿ ಎದುರಿಗೆ ನಿಂತು ತೋರಿಸಿದ್ದಳು, ಅವಳದು ನನಗೆ ಅದಲುಬದಲಾಗಿರಬೇಕು, ಅಥವಾ ಕನ್ನಡಿಯಲ್ಲಿ ನೋಡಿದ್ದೆನೋ ಎಂದು ಏನೇನೋ ಲೆಕ್ಕ ಹಾಕಿದೆ. ವಿಶಾಲಾಕ್ಷಿ ಮೊರ ಪಕ್ಕಕ್ಕಿಟ್ಟು, ಕುರ್ಚಿಯನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡು ನನ್ನೆದುರಿಗೆ ಕೂತಳು. ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನಕ್ಕಳು.

"ನೋಡ್ಕೊಂಡು ಬರೀರಿ."

ನೋಡಿದೆ. ಬಲಗಡೆಯದು. ಅವಳ ಬಲಗಡೆ.